ಗಾಲಿ ಸಿಕ್ಕಿದ ಬಿರುಕು: ಕಲಬುರಗಿಯ ಎರೆಭೂಮಿಯಲ್ಲಿ ಒಂದು ಸೈಕಲ್ ಅಪಘಾತದ ಅಧ್ಯಯನ

ಈ ಪ್ರಕರಣದಲ್ಲಿ ಯಾವ ವಾಹನವೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ. ಠಾಣೆಯಲ್ಲಿ ದೂರು ದಾಖಲಾಗಲಿಲ್ಲ, ಪತ್ರಿಕೆಯಲ್ಲಿ ಸುದ್ದಿ ಬರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಇರುವುದು ಒಂದೇ ಸಾಲು: ಸೈಕಲ್ ಮೇಲಿಂದ ಬಿದ್ದು ಎಡಗಡೆಯ ಕೊರಳೆಲುಬು ಮುರಿದಿದೆ. ಆ ಒಂದು ಸಾಲಿನ ಹಿಂದೆ ನಮ್ಮ ಭಾಗದ ಮಣ್ಣು, ನಮ್ಮ ಹಳ್ಳಿ ರಸ್ತೆಗಳ ಅಗಲ, ಡಾಂಬರು ಹಾಕುವ ಪದ್ಧತಿ, ರಸ್ತೆ ಹಾಳಾಗಿದೆ ಎಂದು ತೀರ್ಮಾನಿಸುವ ನಮ್ಮ ರೀತಿ, ಎಲ್ಲವೂ ಇವೆ. ಕಲಬುರಗಿ ಜಿಲ್ಲೆಯಲ್ಲಿ ರಸ್ತೆ ಎಂದ ಕೂಡಲೇ ಮಳೆಗಾಲದ ತಗ್ಗುಗುಂಡಿಗಳ ಮಾತು ಬರುತ್ತದೆ. ಸೈಕಲ್ ತುಳಿಯುವವರ ಮಟ್ಟಿಗೆ ಅದಕ್ಕಿಂತ ದೊಡ್ಡ ಅಪಾಯ ಮಳೆ ನಿಂತ ಮೇಲೆ ಶುರುವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ರಸ್ತೆಯ ಅಂಚಿನುದ್ದಕ್ಕೂ ಬಾಯಿಬಿಡುವ ಬಿರುಕೇ ಆ ಅಪಾಯ. ಅದನ್ನು ಈ ಒಂದು ಅಪಘಾತದ ಮೂಲಕ ವಿವರಿಸುತ್ತೇನೆ.

ಆ ಮನುಷ್ಯ, ಆ ದಾರಿ

ಬಿದ್ದವರು ಐವತ್ತು ದಾಟಿದ ಹಮಾಲಿ. ನಮ್ಮ ಊರಿನವರೇ. ಚಿಕ್ಕಂದಿನಿಂದ ನಾನು ಅವರನ್ನು ಕಾಕಾ ಎಂದೇ ಕರೆಯುತ್ತ ಬಂದಿದ್ದೇನೆ, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವರಿಗೆ ನಾನು ‘ತಮ್ಮಾ’. ನಾನು ಸಿವಿಲ್ ಎಂಜಿನಿಯರಿಂಗ್ ಕಲಿಸುವವನಾದ್ದರಿಂದ ಬಿದ್ದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆಯೇ ನನ್ನ ಮೇಲೆ ಒಂದು ಹೊಣೆ ಹೊರಿಸಿತು: “ತಮ್ಮಾ, ಅಲ್ಲಿ ತಗ್ಗೇ ಇರಲಿಲ್ಲ. ಮತ್ತೆ ಹೇಗೆ ಬಿದ್ದೆ?”

ಕಾಕಾ ಕಲಬುರಗಿಯ ನೆಹರು ಗಂಜ್‌ನಲ್ಲಿ ಚೀಲ ಹೊರುತ್ತಾರೆ. ತೊಗರಿ ಬರುವ ಕಾಲವೇ ಅವರ ದುಡಿಮೆಯ ಕಾಲ. ಡಿಸೆಂಬರ್ ಕೊನೆಗೆ ಹೊಸ ತೊಗರಿ ಮಾರುಕಟ್ಟೆಗೆ ಇಳಿಯತೊಡಗಿದರೆ ಫೆಬ್ರವರಿಯವರೆಗೆ ಕೈಗೆ ಬಿಡುವಿರುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಗುಲಬರ್ಗಾ ತೊಗರಿ ಬೇಳೆ ಯಾವ ಊರಿನ ಅಂಗಡಿ ಸೇರಿದರೂ, ಮೊದಲು ಇಂಥ ಹತ್ತಾರು ಹೆಗಲುಗಳ ಮೇಲಿಂದ ದಾಟಿಯೇ ಹೋಗಿರುತ್ತದೆ. ಬೆಳಿಗ್ಗೆ ಬೇಗ ಗಂಜ್ ತಲುಪಿದವರಿಗೆ ಮೊದಲ ಲಾರಿ ಸಿಗುತ್ತದೆ. ಊರಿನ ಮೊದಲ ಬಸ್ಸಿಗೆ ಕಾಯುತ್ತ ನಿಂತರೆ ಅರ್ಧ ಕೂಲಿ ಹೋದಂತೆಯೇ. ಆದ್ದರಿಂದ ಹಳೆಯ ಕಾಲದ ದೊಡ್ಡ ಗಾಲಿಯ ಕಪ್ಪು ಸೈಕಲ್, ಹಿಂದೆ ಕ್ಯಾರಿಯರ್, ಕ್ಯಾರಿಯರ್‌ನಲ್ಲಿ ರೊಟ್ಟಿಯ ಗಂಟು ಮತ್ತು ಚೀಲಕ್ಕೆ ಹಾಕುವ ಕೊಕ್ಕೆ. ಸೈಕಲ್‌ಗೆ ದೀಪವಿಲ್ಲ. ಹಿಂದಿನ ಮಡ್‌ಗಾರ್ಡ್‌ನಲ್ಲಿ ಒಂದು ಕೆಂಪು ಪ್ರತಿಫಲಕವಿತ್ತು, ಅದೂ ದೂಳು ಕೂತು ಮಸುಕಾಗಿತ್ತು.

ಊರಿನಿಂದ ಹೆದ್ದಾರಿಯವರೆಗೆ ಇರುವುದು ಒಂದೇ ಲೇನಿನ ಡಾಂಬರು ರಸ್ತೆ. ಇಕ್ಕೆಲಗಳಲ್ಲಿ ತೊಗರಿ, ಬಿಳಿಜೋಳ, ಕಡಲೆಯ ಹೊಲ. ನಡುವೆ ಸಣ್ಣ ಹಳ್ಳ, ಅದರ ಮೇಲೆ ಸಿ.ಡಿ., ಅಂದರೆ ಕಿರುಸೇತುವೆ. ಹಳ್ಳ ದಾಟಿದ ಮೇಲೆ ರಸ್ತೆ ನೇರವಾಗಿ ಸಾಗುತ್ತದೆ. ಎಡಗಡೆ ಸಾಲಾಗಿ ಬೆಳೆದ ಜಾಲಿ ಗಿಡಗಳು. ಅಪಘಾತ ನಡೆದದ್ದು ಆ ನೇರ ಭಾಗದಲ್ಲಿ. ಮಳೆಗಾಲದಲ್ಲಿ ಎದ್ದಿದ್ದ ಗುಂಡಿಗಳನ್ನು ಇಲಾಖೆಯವರು ದೀಪಾವಳಿಯ ಹೊತ್ತಿಗೆ ಮುಚ್ಚಿದ್ದರು. ಜೀಪಿನಲ್ಲಿ ಕುಳಿತು ನೋಡಿದರೆ ಅದು ಆ ದಾರಿಯಲ್ಲೇ ಅತ್ಯಂತ ಒಳ್ಳೆಯ ಭಾಗ.

ಎಳ್ಳಮಾವಾಸ್ಯೆ ಕಳೆದು ಕೆಲವೇ ದಿನಗಳಾಗಿದ್ದವು. ಜನವರಿಯಲ್ಲಿ ನಮ್ಮಲ್ಲಿ ಸೂರ್ಯ ಮೂಡುವುದು ಏಳು ಗಂಟೆಯ ಸುಮಾರಿಗೆ. ಕಾಕಾ ಹೊರಟಾಗ ಇನ್ನೂ ಕತ್ತಲು. ಎದುರಿನಿಂದ ಕಬ್ಬು ತುಂಬಿದ ಎರಡು ಟ್ರೇಲರ್‌ಗಳನ್ನು ಎಳೆದುಕೊಂಡು ಟ್ರ್ಯಾಕ್ಟರ್ ಬಂತು. ದೀಪ ಕಣ್ಣಿಗೆ ಕುಕ್ಕಿತು. ಅವರು ಮಾಡಿದ್ದು ಸೈಕಲ್ ಸವಾರರೆಲ್ಲ ಮಾಡುವ ಕೆಲಸ: ಎಡಕ್ಕೆ ಸರಿದರು, ಡಾಂಬರಿನ ಅಂಚಿಗೆ. “ಹ್ಯಾಂಡಲ್ ತಿರುಗಲೇ ಇಲ್ಲ, ತಮ್ಮಾ. ಯಾರೋ ಹಿಡಿದುಕೊಂಡ ಹಾಗಾಯಿತು. ಅಷ್ಟೇ ಗೊತ್ತು.” ಎಡಗಡೆಗೆ, ಭುಜದ ಮೇಲೆಯೇ ಬಿದ್ದರು. ಬಲಕ್ಕೆ ಬಿದ್ದಿದ್ದರೆ ಟ್ರೇಲರ್‌ನ ಗಾಲಿಯಡಿ ಹೋಗುತ್ತಿದ್ದರು. ಟ್ರ್ಯಾಕ್ಟರ್ ಚಾಲಕನಿಗೆ ಇದು ಗೊತ್ತೇ ಆಗಿರಲಿಕ್ಕಿಲ್ಲ. ಹಿಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬಂದ ಬೈಕಿನ ಹುಡುಗ ಅವರನ್ನು ಎಬ್ಬಿಸಿ ಕೂರಿಸಿದ.

ಬಿರುಕನ್ನು ಹತ್ತಿರದಿಂದ

ಬೆಳಕಾದ ಮೇಲೆ ಆ ಜಾಗಕ್ಕೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು ನೋಡಿದೆ. ಡಾಂಬರಿನ ಅಂಚಿನಿಂದ ಒಂದೂವರೆ ಗೇಣು ಒಳಗೆ, ರಸ್ತೆ ಸಾಗುವ ದಿಕ್ಕಿನಲ್ಲೇ ಒಂದು ಬಿರುಕು. ಎರಡು ಬೆರಳು ಸುಲಭವಾಗಿ ಇಳಿಯುವಷ್ಟು ಅಗಲ, ಕೆಲವೆಡೆ ಎರಡೂವರೆ ಬೆರಳು. ಜೋಳದ ದಂಟನ್ನು ಇಳಿಸಿದರೆ ಗೇಣುದ್ದ ಒಳಗೆ ಹೋಯಿತು. ಬಿರುಕಿನ ಒಳ ಅಂಚು ಮೇಲಿದ್ದು ಹೊರ ಅಂಚು ಒಂದು ಬೆರಳಿನಷ್ಟು ಕುಸಿದಿತ್ತು. ಅದರಾಚೆಯ ಡಾಂಬರಿನ ಪಟ್ಟಿ ಹೊಲದ ಕಡೆಗೆ ವಾಲಿತ್ತು. ಒಳಗೆ ತುಂಬಿದ್ದ ದೂಳಿನಿಂದಾಗಿ ಬಣ್ಣವೂ ರಸ್ತೆಯ ಬಣ್ಣವೇ. ಹಗಲಿನಲ್ಲಿ ನಿಂತು ನೋಡಿದರೂ ಮೊದಲ ನೋಟಕ್ಕೆ ಕಾಣುವಂಥದ್ದಲ್ಲ. ದೂಳಿನ ಮೇಲೆ ಟಯರಿನ ಗುರುತು ಮಾರುದ್ದ ಬಿರುಕಿನೊಳಗೇ ಸಾಗಿ ಒಮ್ಮೆಲೇ ನಿಂತಿತ್ತು.

ಕಾಕಾನ ಸೈಕಲ್ ಅಲ್ಲೇ ಸಮೀಪದ ಹೊಲದವರ ಕೊಟ್ಟಿಗೆಯಲ್ಲಿತ್ತು. ತಂದು ಎರಡೂ ಗಾಲಿಗಳನ್ನು ಆ ಬಿರುಕಿನಲ್ಲಿ ಇಳಿಸಿದೆ. ಕೈ ಬಿಟ್ಟೆ. ಸ್ಟ್ಯಾಂಡ್ ಹಾಕದೆಯೇ ಸೈಕಲ್ ನಿಂತಿತು. ಆ ಕಪ್ಪು ಸೈಕಲ್‌ನ ಟಯರಿನ ಅಗಲ ಒಂದೂವರೆ ಇಂಚು, ಅಂದರೆ ಸುಮಾರು 38 ಮಿ.ಮೀ. ಬಿರುಕು ಅದಕ್ಕೆ ಅಳತೆ ಕೊಟ್ಟು ಮಾಡಿಸಿದಂತಿತ್ತು.

ಎರಡು ಗಾಲಿಯ ಸೈಕಲ್ ಬೀಳದೆ ಸಾಗುವುದು ಹೇಗೆ ಎಂಬುದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಕಾಕಾನ ಪ್ರಶ್ನೆಗೆ ಉತ್ತರ ಅಲ್ಲಿದೆ. ಸವಾರ ಒಂದು ಕ್ಷಣವೂ ನೆಟ್ಟಗೆ ಇರುವುದಿಲ್ಲ. ಸೈಕಲ್ ಎಡಕ್ಕೆ ವಾಲುತ್ತದೆ, ಹ್ಯಾಂಡಲ್ ಗೊತ್ತಾಗದಷ್ಟು ಎಡಕ್ಕೆ ತಿರುಗುತ್ತದೆ, ಗಾಲಿ ಬಂದು ಮೈಭಾರದ ಅಡಿಗೆ ಸೇರುತ್ತದೆ. ಮತ್ತೆ ಬಲಕ್ಕೆ ವಾಲುತ್ತದೆ, ಮತ್ತೆ ಅದೇ. ಕಲಿತವರಿಗೆ ಇದು ಉಸಿರಾಟದಷ್ಟೇ ಸಹಜವಾದ್ದರಿಂದ ಅರಿವಿಗೆ ಬರುವುದಿಲ್ಲ. ಮುಂಗಾಲಿಯನ್ನು ಪಕ್ಕಕ್ಕೆ ತಿರುಗದಂತೆ ಹಿಡಿದಿಟ್ಟರೆ ಈ ಸರಿಪಡಿಸುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆಗ ಎಷ್ಟೇ ಪಳಗಿದ ಸವಾರನಾದರೂ ವಾಲಿದ ಕಡೆಗೆ ಬೀಳುವುದು ಖಂಡಿತ. ಕಾಕಾ ಎಡಕ್ಕೆ ಸರಿಯುತ್ತಿದ್ದರು, ಎಡಕ್ಕೆ ಬಿದ್ದರು. ವೇಗ ಇದಕ್ಕೆ ಬೇಕಾಗಿಯೇ ಇಲ್ಲ. ನಡೆಯುವವರನ್ನು ಅಷ್ಟಿಷ್ಟು ಹಿಂದಿಕ್ಕುವ ವೇಗದಲ್ಲಿ ಹೋಗುತ್ತಿದ್ದರೂ ಬೀಳುತ್ತಿದ್ದರು.

ಗುಂಡಿಯ ಲೆಕ್ಕ ಬೇರೆ. 70 ಸೆಂ.ಮೀ. ವ್ಯಾಸದ ಗಾಲಿ 20 ಸೆಂ.ಮೀ. ಉದ್ದದ ಗುಂಡಿಯನ್ನು ದಾಟುವಾಗ, ಗುಂಡಿ ಎಷ್ಟೇ ಆಳವಿದ್ದರೂ ಗಾಲಿ ಇಳಿಯುವುದು ಒಂದೂವರೆ ಸೆಂ.ಮೀ. ಮಾತ್ರ, ಏಕೆಂದರೆ ಅದು ಎರಡೂ ದಡಗಳ ಮೇಲೆ ಆತುಕೊಳ್ಳುತ್ತದೆ. ಗಾಲಿ ಚಿಕ್ಕದಾದಷ್ಟೂ ಹೆಚ್ಚು ಇಳಿಯುತ್ತದೆ. 50 ಸೆಂ.ಮೀ. ವ್ಯಾಸದ ಮಕ್ಕಳ ಸೈಕಲ್ ಅದೇ ಗುಂಡಿಯಲ್ಲಿ ಎರಡು ಸೆಂ.ಮೀ.ಗಿಂತ ಹೆಚ್ಚು ಕುಸಿಯುತ್ತದೆ. ದೊಡ್ಡ ಗುಂಡಿಗಳು ಖಂಡಿತ ಅಪಾಯಕಾರಿ. ರಿಮ್ ಬಾಗುತ್ತದೆ, ಟ್ಯೂಬ್ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ, ನೀರು ತುಂಬಿದ್ದರೆ ಆಳವೇ ತಿಳಿಯುವುದಿಲ್ಲ. ಆದರೂ ಗುಂಡಿಗೆ ಕೊನೆಯಿದೆ. ಗಾಲಿ ಇಳಿದು ಏರುತ್ತದೆ. ಉದ್ದಕ್ಕೆ ಸಾಗುವ ಬಿರುಕಿಗೆ ಕೊನೆಯಿಲ್ಲ. ಒಮ್ಮೆ ಇಳಿದ ಗಾಲಿಗೆ ಏರಲು ಎದುರು ದಡ ಸಿಗುವುದೇ ಇಲ್ಲ.

ಊರಿನ ಪಂಕ್ಚರ್ ಅಂಗಡಿಯವರನ್ನು ವಿಚಾರಿಸಿದಾಗ ಅವರು ಹೇಳಿದ ಮಾತು ನನ್ನನ್ನು ನಿಲ್ಲಿಸಿ ಯೋಚಿಸುವಂತೆ ಮಾಡಿತು. ಮಳೆಗಾಲದಲ್ಲಿ ಅವರ ಬಳಿ ಬರುವುದು ಪಂಕ್ಚರ್, ಗಾಲಿಯ ಬೆಂಡು ತೆಗೆಸುವುದು, ಮುರಿದ ಕಡ್ಡಿ. ಸಂಕ್ರಾಂತಿಯ ಆಚೀಚೆಯಿಂದ ಬೇಸಿಗೆಯವರೆಗೆ ಬರುವುದು ಸೊಟ್ಟಗಾದ ಹ್ಯಾಂಡಲ್, ಒಳಕ್ಕೆ ಬಾಗಿದ ಎಡ ಪೆಡಲ್. ಗುಂಡಿಗೆ ಬಿದ್ದ ಸೈಕಲ್‌ಗೆ ಪೆಟ್ಟಾಗುವುದು ಗಾಲಿಗೆ. ಪಕ್ಕಕ್ಕೆ ಮಗುಚಿದ ಸೈಕಲ್‌ಗೆ ಪೆಟ್ಟಾಗುವುದು ಹ್ಯಾಂಡಲ್ ಮತ್ತು ಪೆಡಲ್‌ಗೆ. ಅಂಗಡಿಯವರು ಯಾವ ಲೆಕ್ಕವನ್ನೂ ಬರೆದಿಟ್ಟಿಲ್ಲ, ನಾನು ಅವರ ಮಾತನ್ನು ಪುರಾವೆ ಎಂದು ಮುಂದಿಡುವುದೂ ಇಲ್ಲ. ಆದರೆ ಋತುಮಾನಕ್ಕೆ ತಕ್ಕಂತೆ ಬೀಳುವ ರೀತಿ ಬದಲಾಗುತ್ತದೆ ಎಂಬ ಸುಳಿವು ಮೊದಲು ಸಿಕ್ಕಿದ್ದು ಅವರ ಮಾತಿನಲ್ಲೇ.

ಎರೆಮಣ್ಣು ಮಾಡುವ ಕೆಲಸ

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದವರೆಲ್ಲ ನೋಡಿರುತ್ತಾರೆ: ಜೋಳದ ಸಾಲುಗಳ ನಡುವೆ ನೆಲ ಬಿರಿಯತೊಡಗಿರುತ್ತದೆ. ಬೇಸಿಗೆಗೆ ಕೈ ತೂರುವಷ್ಟು ಅಗಲವಾಗುತ್ತದೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಹಿಂಗಾರಿ ಜೋಳಕ್ಕೆ ತಿಂಗಳುಗಟ್ಟಲೆ ತೇವ ಹಿಡಿದಿಡುವ ಗುಣವೂ ಇದೇ ಮಣ್ಣಿನದು. ಹೊಲಕ್ಕೆ ಅದು ವರ, ರಸ್ತೆಗೆ ಕಷ್ಟ.

ಡಾಂಬರು ಹಾಸಿದ ರಸ್ತೆಯ ನಡುಭಾಗದ ಅಡಿಯಲ್ಲಿ ಮಣ್ಣಿನ ತೇವ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಮೇಲಿಂದ ನೀರು ಇಳಿಯದು, ಬಿಸಿಲಿಗೆ ಆರದು. ಅಂಚಿನ ಅಡಿಯ ಒಂದು ಮೀಟರಿನಷ್ಟು ಪಟ್ಟಿಯ ಪಾಡು ಹಾಗಲ್ಲ. ಮಳೆಗಾಲದಲ್ಲಿ ಪಕ್ಕದ ಚರಂಡಿಯ ನೀರು ಒಳಸೇರಿ ಅದು ಉಬ್ಬುತ್ತದೆ, ಮಳೆ ನಿಂತ ಮೇಲೆ ಪಕ್ಕದಿಂದಲೇ ಒಣಗಿ ಕುಗ್ಗುತ್ತದೆ. ನಡುಭಾಗ ನಿಂತಲ್ಲೇ ನಿಂತಿರುವಾಗ ಅಂಚು ಬಾಗಿಲಿನ ಕೀಲಿನಂತೆ ಮೇಲೆ ಕೆಳಗೆ ಆಡುತ್ತದೆ. ಆ ಎರಡರ ಗಡಿಯಲ್ಲಿ, ರಸ್ತೆಯ ಉದ್ದಕ್ಕೂ, ಡಾಂಬರು ಸೀಳುತ್ತದೆ. ಜಾಲಿಯಂಥ ಗಿಡ ಅಂಚಿಗೇ ಇದ್ದರೆ ಬೇರುಗಳು ಉಳಿದ ತೇವವನ್ನೂ ಹೀರಿ ಕುಗ್ಗುವಿಕೆಯನ್ನು ಹೆಚ್ಚಿಸುತ್ತವೆ. ಕಾಕಾ ಬಿದ್ದದ್ದು ಜಾಲಿಯ ಸಾಲಿನ ಎದುರಿಗೆ ಎಂಬುದು ಆಕಸ್ಮಿಕವಲ್ಲ.

ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ ಕುಳಿತಿರುವ ಬೀದರ್ ನಗರದ ಸುತ್ತಿನ ಕೆಂಪು ನೆಲದಲ್ಲಿ ಈ ತೊಂದರೆ ಇಷ್ಟು ತೀವ್ರವಾಗಿರುವುದಿಲ್ಲ. ಕೆಳಗಿಳಿದು ಎರೆಭೂಮಿ ಸೇರಿದ ಕೂಡಲೇ ಶುರುವಾಗುತ್ತದೆ. ರಸ್ತೆಯ ವಿನ್ಯಾಸ, ದುರಸ್ತಿಯ ವೇಳಾಪಟ್ಟಿ ಎರಡೂ ಕಡೆ ಒಂದೇ ಆಗಿರುವುದು ಸರಿಯಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಮಣ್ಣಿನ ಜೊತೆಗೆ ಮನುಷ್ಯರು ಮಾಡಿದ್ದೂ ಇದೆ. ಗ್ರಾಮೀಣ ರಸ್ತೆಗಳಲ್ಲಿ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ಬಸ್ಸಿನ ಮೈ ಅಗಲವೇ ಸುಮಾರು 2.5 ಮೀಟರ್. ಉಳಿಯುವುದು 1.25 ಮೀಟರ್. ಸೈಕಲ್ ಹ್ಯಾಂಡಲ್‌ಗೆ 60 ಸೆಂ.ಮೀ. ಬೇಕು, ನಡುವೆ ಒಂದು ಮೀಟರ್ ಅಂತರವಾದರೂ ಇರಬೇಕು. ಅಷ್ಟು ಜಾಗವೇ ಇಲ್ಲ. ಬಸ್ಸು ರಸ್ತೆಯ ಮತ್ತೊಂದು ಅಂಚಿಗೆ ಒತ್ತಿಕೊಂಡು ಹೋದರೂ ಸೈಕಲ್ ಅಂಚಿಗೆ ಹೋಗಲೇಬೇಕು. ಟ್ರೇಲರ್‌ನಿಂದ ಆಚೀಚೆ ಚಾಚಿದ ಕಬ್ಬಿನ ಹೊರೆ ಬಂದರೆ ಡಾಂಬರು ಬಿಟ್ಟು ಇಳಿಯಬೇಕು. ರಸ್ತೆಯಲ್ಲಿ ಎಲ್ಲಕ್ಕಿಂತ ಮೊದಲು ಒಡೆಯುವ ಪಟ್ಟಿಯೂ ಸೈಕಲ್ ಸವಾರನಿಗೆ ಉಳಿಯುವ ಪಟ್ಟಿಯೂ ಒಂದೇ. ಈ ಪ್ರಕರಣದ ತಿರುಳು ಇಷ್ಟೇ.

ಡಾಂಬರು ಬಿಟ್ಟು ಇಳಿದರೆ ಮುಗಿಯಿತೇ? ಅದೂ ಇಲ್ಲ. ಹಳ್ಳಿ ರಸ್ತೆಗಳಿಗೆ ಮರುಡಾಂಬರು ಹಾಕುವಾಗ ಸಾಮಾನ್ಯವಾಗಿ 20 ಮಿ.ಮೀ. ದಪ್ಪದ ಪದರ ಬೀಳುತ್ತದೆ. ರಸ್ತೆ ಏರುತ್ತದೆ, ಪಕ್ಕದ ಮಣ್ಣಿನ ಬದಿ ಇದ್ದಲ್ಲೇ ಇರುತ್ತದೆ, ಮಳೆಗೆ ಕೊಚ್ಚಿ ಇನ್ನೂ ತಗ್ಗುತ್ತದೆ. ಈ ರಸ್ತೆಯಲ್ಲಿ ಅಂಚಿಗೂ ಬದಿಗೂ ನಾಲ್ಕು ಬೆರಳಿನ ವ್ಯತ್ಯಾಸವಿತ್ತು. ಇಳಿದ ಸೈಕಲ್ ಮತ್ತೆ ಓರೆಯಾಗಿ ಏರಲು ಹೋದರೆ ಟಯರಿನ ಪಕ್ಕ ಅಂಚಿಗೆ ಉಜ್ಜಿಕೊಂಡೇ ಸಾಗುತ್ತದೆ, ಏರುವುದಿಲ್ಲ. ಬಿರುಕಿನಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಇನ್ನು ಬದಿಗೆ ಹಾಕಬೇಕಾದ್ದು ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು. ಗರಸು ತರಲು ಲಾರಿ ದೂರ ಹೋಗಬೇಕು, ಖರ್ಚು ಬೀಳುತ್ತದೆ. ಆದ್ದರಿಂದ ಪಕ್ಕದ ಹೊಲದ ಎರೆಮಣ್ಣನ್ನೇ ಜೆಸಿಬಿಯಿಂದ ಕೆರೆದು ಒತ್ತಿಬಿಡುತ್ತಾರೆ. ಮಳೆ ಬಂದಾಗ ಆ ಮಣ್ಣಿನ ಮೇಲೆ ಸೈಕಲ್ ಇಳಿಸಿದವರಿಗೆ ಮುಂದಿನ ಪಾಡು ಗೊತ್ತು: ಮಣ್ಣು ಗಾಲಿಗೆ ಮೆತ್ತಿಕೊಂಡು ಮಡ್‌ಗಾರ್ಡ್‌ನೊಳಗೆ ಗಟ್ಟಿಯಾಗಿ ತುಂಬುತ್ತದೆ, ಗಾಲಿ ತಿರುಗುವುದೇ ನಿಲ್ಲುತ್ತದೆ. ಕಡ್ಡಿ ಹಿಡಿದು ಕೆರೆಯುತ್ತ ನಿಂತ ಶಾಲಾ ಮಕ್ಕಳನ್ನು ಜುಲೈ ತಿಂಗಳಿನಲ್ಲಿ ಈ ದಾರಿಯಲ್ಲಿ ಯಾವಾಗ ಬೇಕಾದರೂ ಕಾಣಬಹುದು. 2006-07ರಿಂದ ಹಲವು ವರ್ಷ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಆ ಸೈಕಲ್‌ಗಳಿಂದ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ್ದು ನಮ್ಮ ಕಣ್ಣೆದುರಿನ ಸತ್ಯ. ಅವು ಓಡಬೇಕಾದ ಅಂಚನ್ನು ಮಾತ್ರ ಯಾರೂ ಯೋಚಿಸಲಿಲ್ಲ.

ಯಾವ ಲೆಕ್ಕಕ್ಕೂ ಸೇರದ ಅಪಘಾತ

ಭುಜದ ಮೇಲೆ ಬಿದ್ದಾಗ ಪೆಟ್ಟಿನ ಭಾರವೆಲ್ಲ ಕೊರಳೆಲುಬಿಗೆ ಹೋಗುತ್ತದೆ. ಸೈಕಲ್‌ನಿಂದ ಬಿದ್ದವರಲ್ಲಿ ಇದು ಬಹಳ ಸಾಮಾನ್ಯವಾದ ಮುರಿತ. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ಆರು ವಾರ ಅಲುಗಾಡಿಸಬಾರದು, ಮೂರು ತಿಂಗಳು ಭಾರ ಎತ್ತಬಾರದು ಎಂದು ವೈದ್ಯರು ಹೇಳಿದರು. ಗುಮಾಸ್ತನಿಗೋ ಮಾಸ್ತರನಿಗೋ ಇದು ಒಂದಿಷ್ಟು ರಜೆಯ ಮಾತು. ಐವತ್ತು ಕೆಜಿ ಚೀಲವನ್ನು ಹೆಗಲ ಮೇಲೆ ಹೊರುವವರಿಗೆ ಅದೇ ಎಲುಬು ಅನ್ನದ ದಾರಿ. ತೊಗರಿಯ ಸುಗ್ಗಿ ಪೂರ್ತಿ ಅವರ ಕೈತಪ್ಪಿತು. ಮೂರು ತಿಂಗಳು ಮುಗಿಯುವ ಹೊತ್ತಿಗೆ ಗಂಜ್‌ನಲ್ಲಿ ಆವಕವೂ ಇಳಿದಿತ್ತು.

ಪರಿಹಾರಕ್ಕೆ ಎಲ್ಲೆಲ್ಲಿ ದಾರಿಯಿದೆ ಎಂದು ಒಂದೊಂದಾಗಿ ನೋಡಿದೆವು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕಾದರೆ ಮೋಟಾರು ವಾಹನದಿಂದ ಅಪಘಾತವಾಗಿದೆ ಎಂದು ತೋರಿಸಬೇಕು. ಇಲ್ಲಿ ಟ್ರ್ಯಾಕ್ಟರ್ ಮುಟ್ಟಲಿಲ್ಲ, ಅದರ ನಂಬರನ್ನೂ ಯಾರೂ ನೋಡಲಿಲ್ಲ. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅವರ ಬ್ಯಾಂಕ್ ಖಾತೆಯಲ್ಲಿತ್ತು. ಅದು ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ, ಕೂಡಿಕೊಳ್ಳುವ ಎಲುಬಿಗೆ ಅಲ್ಲ. ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯಲ್ಲಿ ನಿಗದಿತ ಮಟ್ಟ ಪಾಲಿಸದ ಗುತ್ತಿಗೆದಾರ ಅಥವಾ ಅಧಿಕಾರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ 198ಎ ಎಂಬ ಕಲಮನ್ನು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಲಾಗಿದೆ. ಅದು ಕೂಡ ಸಾವು ಅಥವಾ ಅಂಗವೈಕಲ್ಯ ಆದಾಗ ಮಾತ್ರ ಅನ್ವಯಿಸುತ್ತದೆ.

ಅಂಕಿಅಂಶದಲ್ಲಿಯೂ ಹೀಗೆಯೇ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಗುಂಡಿಗಳಿಂದಾದ ಅಪಘಾತಗಳಲ್ಲಿ ಸತ್ತವರು 1,856. ಪೊಲೀಸರು ದಾಖಲಿಸಿದ ಪ್ರಕರಣಗಳಷ್ಟೇ ಈ ಲೆಕ್ಕಕ್ಕೆ ಬರುತ್ತವೆ. ರಸ್ತೆಯ ಲಕ್ಷಣ ಎಂಬಲ್ಲಿ ಗುಂಡಿ, ತಿರುವು, ಸೇತುವೆ, ನೇರ ರಸ್ತೆ ಎಂದೆಲ್ಲ ವಿಂಗಡಣೆ ಇದೆ. ಕಾಕಾ ಬಿದ್ದದ್ದು ಒಂದು ವೇಳೆ ದಾಖಲಾಗಿದ್ದರೂ ‘ನೇರ ರಸ್ತೆ’ ಎಂದೇ ಸೇರುತ್ತಿತ್ತು. ರಸ್ತೆಯ ಗುಣಮಟ್ಟ ಅಳೆಯುವ ಬಂಪ್ ಇಂಟಿಗ್ರೇಟರ್ ಯಂತ್ರವನ್ನೂ ವಾಹನಗಳ ಗಾಲಿ ಓಡುವ ಜಾಡಿನಲ್ಲೇ ಎಳೆದುಕೊಂಡು ಹೋಗುತ್ತಾರೆ, ಅಂಚಿನಲ್ಲಲ್ಲ. ಬೈಕಿನ ಟಯರು ಅಗಲವಾದ್ದರಿಂದ ಬಿರುಕಿನ ಮೇಲೆ ಹಾದುಹೋಗುತ್ತದೆ, ಕಾರಿಗಂತೂ ಗೊತ್ತೇ ಆಗುವುದಿಲ್ಲ. ಈ ರಸ್ತೆ ಸರಿಯಿಲ್ಲ ಎಂದು ಹೇಳಬಲ್ಲವರು ಸೈಕಲ್ ಸವಾರರು ಮಾತ್ರ. ಅವರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ನನಗೆ ಈ ಪ್ರಕರಣದಲ್ಲಿ ಅತಿ ಹೆಚ್ಚು ನೋವು ಕೊಟ್ಟದ್ದು ಇದು.

ದುರಸ್ತಿ

ಊರಿನವರು ಗ್ರಾಮ ಪಂಚಾಯಿತಿಯ ಮೂಲಕ ರಸ್ತೆಗೆ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟರು. ಮೊದಲ ಸಲ ಬಂದ ತಂಡ ರಸ್ತೆಯ ನಡುವೆ ಮತ್ತೆ ಎದ್ದಿದ್ದ ಎರಡು ಗುಂಡಿ ಮುಚ್ಚಿ ಹೋಯಿತು. ಅರ್ಜಿಯಲ್ಲಿ ‘ರಸ್ತೆ ಹಾಳಾಗಿದೆ’ ಎಂದಷ್ಟೇ ಇತ್ತು; ಹಾಳಾದ ರಸ್ತೆ ಎಂದರೆ ಗುಂಡಿ ಎಂದೇ ಎಲ್ಲರ ತಲೆಯಲ್ಲಿ ಕೂತಿದೆ. ಎರಡನೆಯ ಅರ್ಜಿಯನ್ನು ಬೇರೆ ರೀತಿ ಬರೆದೆವು. ಬಿರುಕು ಎಲ್ಲಿಂದ ಎಲ್ಲಿಯವರೆಗೆ ಇದೆ, ಯಾವ ಕಡೆ, ಎಷ್ಟು ಬೆರಳು ಅಗಲ, ಅಂಚಿನಿಂದ ಎಷ್ಟು ದೂರ, ಬದಿ ಎಷ್ಟು ತಗ್ಗಿದೆ ಎಂದು ಬರೆದು, ಸೈಕಲ್ ತಾನಾಗಿ ನಿಂತ ಫೋಟೊ ಲಗತ್ತಿಸಿದೆವು. ಈ ಸಲ ಒಬ್ಬ ಯುವ ಎಂಜಿನಿಯರ್ ಬಂದರು. ಅವರು ಬಿರುಕನ್ನು ನೋಡಿ “ಇದು ಮಣ್ಣಿನ ಗುಣ, ಪ್ರತಿ ವರ್ಷ ಬರುತ್ತದೆ” ಎಂದರು. ಕಾಕಾ ಕೈ ಜೋಳಿಗೆಯಲ್ಲಿಟ್ಟುಕೊಂಡೇ ಅಲ್ಲಿಗೆ ಬಂದಿದ್ದರು. “ಪ್ರತಿ ವರ್ಷ ಬರುತ್ತದೆ ಎಂದು ಗೊತ್ತಿದ್ದರೆ ಪ್ರತಿ ವರ್ಷ ಮುಚ್ಚಬಹುದಲ್ಲ, ಸಾಹೇಬರೇ” ಎಂದರು. ಆ ಎಂಜಿನಿಯರ್ ಒಳ್ಳೆಯ ಮನುಷ್ಯ. ಮಾತನ್ನು ತಳ್ಳಿಹಾಕದೆ ಅಲ್ಲೇ ನಿಂತು ಅಳತೆ ಬರೆದುಕೊಂಡರು.

ಬಿರುಕು ಮುಚ್ಚುವುದು ಕಷ್ಟದ ಕೆಲಸವಲ್ಲ, ಆದರೆ ಅದಕ್ಕೊಂದು ಕ್ರಮವಿದೆ. ಒಳಗಿನ ದೂಳು, ಮಣ್ಣು, ಹುಲ್ಲಿನ ಬೇರನ್ನು ಪೂರ್ತಿ ತೆಗೆಯಬೇಕು, ಇಲ್ಲವಾದರೆ ಡಾಂಬರು ಅಂಟುವುದಿಲ್ಲ. ಸಣ್ಣ ಬಿರುಕಿಗೆ ಬಿಸಿ ಡಾಂಬರು ಸುರಿದರೆ ಸಾಕು. ಇಷ್ಟು ಅಗಲದ್ದಕ್ಕೆ ಕಲ್ಲುಪುಡಿ ಮತ್ತು ಸಣ್ಣ ಖಡಿ ಕಲಸಿದ ಡಾಂಬರಿನ ಮಿಶ್ರಣವನ್ನು ತುಂಬಿ ಕುಟ್ಟಬೇಕು. ಮೇಲ್ಮೈಗಿಂತ ಒಂದು ಕೂದಲಿನಷ್ಟು ಕೆಳಗೇ ನಿಲ್ಲಿಸಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಮಣ್ಣು ಉಬ್ಬಿ ಬಿರುಕು ಕಿರಿದಾದಾಗ ತುಂಬಿದ್ದು ಮೇಲಕ್ಕೆ ಹಿಂಡಿ ಬರುತ್ತದೆ, ಉಬ್ಬಿ ನಿಂತ ಆ ಗೆರೆಯೇ ಮತ್ತೆ ಸೈಕಲ್‌ಗೆ ಅಡ್ಡಿಯಾಗುತ್ತದೆ. ಗುಂಡಿಯ ತೇಪೆಗೂ ಈ ಮಾತು ಅನ್ವಯಿಸುತ್ತದೆ. ಗುಂಡಿಯನ್ನು ಚೌಕವಾಗಿ ಕತ್ತರಿಸದೆ, ರೋಲರ್ ಓಡಿಸದೆ, ಸಲಿಕೆಯಿಂದ ತಟ್ಟಿ ಬಿಟ್ಟ ತೇಪೆ ಕಾರಿಗೆ ಗುಂಡಿಗಿಂತ ಮೇಲು, ಸೈಕಲ್‌ಗೆ ಗುಂಡಿಯಷ್ಟೇ ಕೆಟ್ಟದ್ದು.

ಮಾರ್ಚ್ ಕೊನೆಗೆ ಬಿರುಕು ತುಂಬಿದರು. ಹಳ್ಳದಿಂದ ಜಾಲಿಯ ಸಾಲಿನವರೆಗೆ ಎಡ ಬದಿಗೆ ಗರಸು ಹಾಕಿ, ನೀರು ಹೊಡೆದು, ರೋಲರ್ ಓಡಿಸಿ, ಡಾಂಬರಿನ ಮಟ್ಟಕ್ಕೆ ತಂದರು. ಮುಂದಿನ ಚಳಿಗಾಲದಲ್ಲಿ ಅದೇ ಜಾಗದಲ್ಲಿ ಬಿರುಕು ಮತ್ತೆ ಕಾಣಿಸಿಕೊಂಡಿತು, ಆದರೆ ಕಿರುಬೆರಳೂ ಇಳಿಯದಷ್ಟು ಸಣ್ಣದಾಗಿ. ಸೈಕಲ್ ಅದರ ಮೇಲೆ ನಿರಾತಂಕವಾಗಿ ಹೋಗುತ್ತದೆ. ಗರಸು ಹಾಕದೆ ಬಿಟ್ಟ ಕಡೆ ಒಂದು ಬೆರಳು ಅಗಲವಾಗಿದೆ. ಒಂದೇ ರಸ್ತೆ, ಒಂದೇ ಮಣ್ಣು, ಒಂದೇ ಮಳೆ. ವ್ಯತ್ಯಾಸ ಬದಿಯದು ಮಾತ್ರ. ಒಂದು ವರ್ಷದ ಅನುಭವದಿಂದ ಕೊನೆಯ ಮಾತು ಹೇಳಲಾಗದು, ಆದರೂ ನನಗೆ ಇದು ಸಾಕಷ್ಟು ಸ್ಪಷ್ಟವಾಗಿದೆ.

ಇದಕ್ಕಿಂತ ಬಾಳಿಕೆ ಬರುವ ದಾರಿಗಳೂ ಇವೆ, ಹೊಸವೇನಲ್ಲ. ಎರೆಮಣ್ಣಿಗೆ ಸುಣ್ಣ ಬೆರೆಸಿ ಅದರ ಉಬ್ಬುವ ಗುಣವನ್ನೇ ತಗ್ಗಿಸಬಹುದು. ಉಬ್ಬದ ಅಂಟುಮಣ್ಣಿನ ಪದರವನ್ನು ನಡುವೆ ಹಾಕುವ ವಿಧಾನವನ್ನು ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿಯವರು ದಶಕಗಳ ಹಿಂದೆಯೇ ರೂಪಿಸಿದ್ದರು. ಎರೆಭೂಮಿಯ ನೀರಾವರಿ ಕಾಲುವೆಗಳಲ್ಲಿ ಅದು ಬಳಕೆಗೆ ಬಂದಿದೆ. ಹೊಸದಾಗಿ ರಸ್ತೆ ಮಾಡುವಾಗ ಇವನ್ನು ಮಾಡಬೇಕು. ಈಗಾಗಲೇ ಇರುವ ರಸ್ತೆಗೆ ನನ್ನ ಆಯ್ಕೆ ಬೇರೆ: ಎರಡೂ ಕಡೆ ಒಂದೊಂದು ಮೀಟರ್ ಬದಿಗೆ ಗರಸು ಹಾಕಿ ಮೇಲೆ ತೆಳುವಾಗಿ ಡಾಂಬರು ಬಳಿಯುವುದು. ಆಗ ತೇವ ಏರಿಳಿಯುವ ಪಟ್ಟಿ ಹೊರಕ್ಕೆ ಸರಿಯುತ್ತದೆ. ಬಿರುಕು ಬಂದರೂ ಆ ಹೊಸ ಬದಿಯ ತುದಿಯಲ್ಲಿ ಬರುತ್ತದೆ, ಸೈಕಲ್ ಓಡುವ ಜಾಗದಲ್ಲಲ್ಲ. ಅಂಚಿಗೆ ಅಂಟಿಕೊಂಡ ಜಾಲಿಯನ್ನು ತೆಗೆದು, ಚರಂಡಿಯನ್ನು ದೂರಕ್ಕೆ ಸರಿಸಿದರೆ ಇನ್ನೂ ಒಳ್ಳೆಯದು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಮೊದಲ ಐದು ವರ್ಷದ ನಿರ್ವಹಣೆ ಗುತ್ತಿಗೆದಾರರದೇ ಹೊಣೆ. ರಸ್ತೆಯ ಪಕ್ಕದ ಫಲಕದಲ್ಲಿ ಕಾಮಗಾರಿ ಮುಗಿದ ದಿನಾಂಕವೂ ನಿರ್ವಹಣೆಯ ಅವಧಿಯೂ ಇರುತ್ತವೆ. ಅವಧಿ ಮುಗಿಯುವ ಮೊದಲು ಅಂಚನ್ನು ನೋಡಿ ಅರ್ಜಿ ಕೊಡುವುದು ಊರಿನವರ ಕೈಯಲ್ಲಿದೆ. ನೋಡಬೇಕಾದ ತಿಂಗಳು ಜನವರಿ. ಆಗ ಬಿರುಕು ತೆರೆದಿರುತ್ತದೆ, ದುರಸ್ತಿಗೆ ಮಳೆಯ ಅಡ್ಡಿಯೂ ಇರುವುದಿಲ್ಲ.

ಸವಾರರಿಗೆ ಹೇಳುವುದು ಕಡಿಮೆ, ಏಕೆಂದರೆ ತಪ್ಪು ಅವರದಲ್ಲ. ಕತ್ತಲಲ್ಲಿ ಎದುರು ವಾಹನ ಬಂದರೆ ಅಂಚಿನ ಒಂದೂವರೆ ಗೇಣು ಜಾಗವನ್ನು ನಂಬಬೇಡಿ. ನಿಧಾನಿಸಿ, ಕಾಲೂರಿ ನಿಂತುಬಿಡಿ. ಬದಿಗೆ ಇಳಿದಿದ್ದರೆ ಓರೆಯಾಗಿ ಏರಬೇಡಿ. ಇಳಿದು ಎತ್ತಿ ಇಡಿ. ಬಿರುಕನ್ನು ದಾಟಲೇಬೇಕಾದರೆ ಹ್ಯಾಂಡಲ್ ತಿರುಗಿಸಿ ಆದಷ್ಟು ಅಡ್ಡಡ್ಡವಾಗಿ ದಾಟಿ. ಮುಂದೊಂದು, ಹಿಂದೊಂದು ದೀಪ ಹಾಕಿಸಿಕೊಳ್ಳಿ.

ಕಾಕಾ ಏಪ್ರಿಲ್‌ನಲ್ಲಿ ಗಂಜ್‌ಗೆ ಮರಳಿದರು. ಎಲುಬು ಕೂಡಿದೆ, ಆದರೆ ಎಡ ಹೆಗಲ ಮೇಲೆ ಪೂರ್ತಿ ಚೀಲ ಇಟ್ಟರೆ ನೋವು ಬರುತ್ತದೆ. ಈಗ ಹೆಚ್ಚಾಗಿ ಚೀಲದ ಬಾಯಿ ಹೊಲಿಯುವ, ತೂಕದ ಹತ್ತಿರ ಕಾಳು ತುಂಬುವ ಕೆಲಸ ಮಾಡುತ್ತಾರೆ. ಹೊರುವವರಿಗೆ ಸಿಗುವ ಕೂಲಿ ಅದಕ್ಕೆ ಸಿಗುವುದಿಲ್ಲ. ಸೈಕಲ್ ಬಿಟ್ಟಿಲ್ಲ. ಸುಗ್ಗಿಯಲ್ಲಿ ಬೆಳಿಗ್ಗೆ ಹೋಗುವಾಗ ಎಡ ಅಂಚಿನಲ್ಲಿ, ರಾತ್ರಿ ಮರಳುವಾಗ ಅದರ ಎದುರಿನ ಅಂಚಿನಲ್ಲಿ ಅದೇ ಕತ್ತಲಲ್ಲಿ ಬರುತ್ತಾರೆ. ಮಾರ್ಚ್‌ನಲ್ಲಿ ಗರಸು ಬಿದ್ದದ್ದು ಹೋಗುವ ಕಡೆಯ ಅಂಚಿಗೆ ಮಾತ್ರ, ಅದೂ ಜಾಲಿಯ ಸಾಲಿನವರೆಗೆ. ಉಳಿದ ಭಾಗಕ್ಕೂ ಮರಳುವ ಕಡೆಯ ಪೂರ್ತಿ ಅಂಚಿಗೂ ಅಂದಾಜು ಪಟ್ಟಿ ಮಾಡಿ ಕಳಿಸಿದ್ದೇವೆ ಎಂದು ಎಂಜಿನಿಯರ್ ತಿಳಿಸಿದ್ದಾರೆ, ಮಂಜೂರಾತಿ ಇನ್ನೂ ಬಂದಿಲ್ಲ. ಮೂರನೆಯ ಅರ್ಜಿಯನ್ನು ಊರಿನ ಹಮಾಲರು, ಹಾಲು ಮಾರುವವರು, ಹೈಸ್ಕೂಲಿಗೆ ಹೋಗುವ ಮಕ್ಕಳ ತಂದೆತಾಯಿಯರು ಸಹಿ ಹಾಕಿ ಕೊಟ್ಟಿದ್ದಾರೆ. ಮರಳುವ ಕಡೆಯ ಬಿರುಕಿನ ಅಳತೆಯನ್ನು ಈ ಸಲ ಮಕ್ಕಳೇ ಬರೆದು ತಂದರು.